ಮೊದಲು ಸ್ಕ್ರೀನ್ ನೋಡಿ: ಡಿಸೈನ್ ಕೆಲಸಕ್ಕೆ ಲ್ಯಾಪ್‌ಟಾಪ್ ಕೊಳ್ಳುವವರಿಗೆ

ನವೆಂಬರ್ ದಾಟಿತೆಂದರೆ ನಮ್ಮ ಗಡಿನಾಡು ಕಾಸರಗೋಡಿನ ಬದಿಯಡ್ಕ, ಕುಂಬಳೆ, ಮುಳ್ಳೇರಿಯ ಕಡೆಯ ಡಿಸೈನ್ ಅಂಗಡಿಗಳಲ್ಲಿ ರಾತ್ರಿ ಲೈಟು ಆರುವುದಿಲ್ಲ. ಬ್ರಹ್ಮಕಲಶ, ಕೋಲ, ಬಯಲಾಟ, ಮದುವೆ, ಉಪನಯನ, ಗೃಹಪ್ರವೇಶ, ಶಾಲೆಯ ವಾರ್ಷಿಕೋತ್ಸವ, ಎಲ್ಲದಕ್ಕೂ ಕಾಗದ ಬೇಕು, ಬ್ಯಾನರ್ ಬೇಕು, ಈಗೀಗ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಲು ಬೇರೆಯೇ ಒಂದು ಚಿತ್ರವೂ ಬೇಕು. ಹಾಗಾಗಿ ಸೀಸನ್ ಹತ್ತಿರ ಬರುವಾಗ, ಮಳೆ ಹಿಂದೆ ಸರಿಯುವ ಹೊತ್ತಿಗೆ, ನನಗೆ ಫೋನ್ ಬರಲು ಶುರು. “ಅಣ್ಣಾ, ಡಿಸೈನಿಂಗ್‌ಗೆ ಒಂದು ಲ್ಯಾಪ್‌ಟಾಪ್ ತೆಗೊಳ್ಳಬೇಕಿತ್ತು. ಐ7 ತೆಗೊಳ್ಳುದಾ, ಗ್ರಾಫಿಕ್ಸ್ ಕಾರ್ಡ್ ಇರುವುದು ತೆಗೊಳ್ಳುದಾ?”

“ಮೊದಲು ಸ್ಕ್ರೀನ್ ನೋಡು ಮಾರಾಯ” ಅನ್ನುತ್ತೇನೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಸ್ಕ್ರೀನ್ ಎಲ್ಲದರಲ್ಲೂ ಉಂಟಲ್ಲ ಎಂದು ಯೋಚಿಸುತ್ತಿರಬೇಕು.

ಹೀಗೆ ಹೇಳುವಷ್ಟು ಬುದ್ಧಿ ಬಂದದ್ದು ಕೈಸುಟ್ಟುಕೊಂಡ ಮೇಲೆ. ನನ್ನ ಎರಡನೆಯ ಲ್ಯಾಪ್‌ಟಾಪ್ ಗೇಮಿಂಗ್ ಜಾತಿಯದ್ದು. ಕೀಲಿಗಳ ಅಡಿಯಲ್ಲಿ ಕೆಂಪು ಬೆಳಕು, 4 ಜಿಬಿಯ ಗ್ರಾಫಿಕ್ಸ್ ಕಾರ್ಡ್, ಫ್ಯಾನ್ ಜೋರಾದರೆ ಅಕ್ಕಿ ಗಿರಣಿಯ ಸದ್ದು. ವೇಗಕ್ಕೆ ಏನೂ ಕಡಿಮೆ ಇರಲಿಲ್ಲ. ಸ್ಕ್ರೀನ್ ಮಾತ್ರ ಬಣ್ಣ ಸೋತದ್ದು. ಸೋತದ್ದೆಂದು ತಿಳಿಯಲು ಪಕ್ಕದಲ್ಲಿ ಒಳ್ಳೆಯದೊಂದು ಇರಬೇಕಲ್ಲ, ನನ್ನಲ್ಲಿ ಇರಲಿಲ್ಲ. ಒಂದು ದೇವಸ್ಥಾನದ ಆಮಂತ್ರಣ ಪತ್ರಿಕೆ ಮಾಡುತ್ತಿದ್ದೆ. ಸಮಿತಿಯವರ ಫೋಟೊಗಳೆಲ್ಲ ಬಿಳಚಿಕೊಂಡು ಕಂಡವು. ಸ್ವಲ್ಪ ಕೆಂಪು ಏರಿಸಿದೆ, ಸಾಲದೆನಿಸಿ ಇನ್ನೂ ಸ್ವಲ್ಪ. ಪ್ರೆಸ್ಸಿನಿಂದ 2,000 ಪ್ರತಿ ಬಂತು. ಮೊಕ್ತೇಸರರು ತಮ್ಮ ಮುಖವನ್ನೇ ತುಸು ಹೊತ್ತು ನೋಡಿ, “ಎಂತ, ನಮ್ಮನ್ನು ಅಡಿಕೆ ಒಣಗಿಸುವ ಅಂಗಳದಲ್ಲಿ ಕೂರಿಸಿದ್ದಾ?” ಎಂದರು. ಒಳಪುಟಗಳನ್ನು ಮತ್ತೆ ಅಚ್ಚು ಹಾಕಿಸಿದ ಖರ್ಚು ನನ್ನದೇ.

ಪ್ರೆಸ್ಸಿನ ತಪ್ಪಿರಲಿಲ್ಲ, ನನ್ನ ಕಣ್ಣಿನದ್ದೂ ಅಲ್ಲ. ನಡುವೆ ಕೂತಿದ್ದ ಪರದೆ ಸುಳ್ಳು ಹೇಳಿತ್ತು, ನಾನು ಆ ಸುಳ್ಳಿಗೆ ಚಿಕಿತ್ಸೆ ಮಾಡಿದ್ದೆ. ಆದ್ದರಿಂದ ಕೊಳ್ಳುವ ಕ್ರಮವನ್ನೇ ತಲೆಕೆಳಗೆ ಮಾಡಿ ಹೇಳುತ್ತೇನೆ.

ಮೊದಲ ಹೆಜ್ಜೆ: ನಿಮ್ಮ ಕೆಲಸದ ತೂಕ ಎಷ್ಟು?

ಅಂಗಡಿಗೆ ಹೋಗುವ ಮುಂಚೆ ಒಂದು ಚೀಟಿಯಲ್ಲಿ ಕಳೆದ ಎರಡು ತಿಂಗಳಲ್ಲಿ ಮಾಡಿದ ಕೆಲಸಗಳನ್ನು ಬರೆಯಿರಿ. ಮಾಡಬೇಕೆಂದುಕೊಂಡದ್ದನ್ನಲ್ಲ, ನಿಜವಾಗಿ ಮಾಡಿದ್ದನ್ನು. ತ್ರೀಡಿ, ಅನಿಮೇಶನ್ ಎಲ್ಲ ಕಲಿಯುತ್ತೇನೆಂದು ಹೇಳಿ ಒಂದೂವರೆ ಲಕ್ಷದ ಯಂತ್ರ ಕೊಂಡು, ಅದರಲ್ಲಿ ವಿಸಿಟಿಂಗ್ ಕಾರ್ಡ್ ಮಾಡುತ್ತಿರುವವರು ನನಗೆ ಗೊತ್ತುಂಟು.

ಕೆಲಸದ ತೂಕ ಕಣ್ಣಂದಾಜಿಗೆ ಸಿಗುವಂಥದ್ದಲ್ಲ, ಲೆಕ್ಕ ಹಾಕಿದರೆ ಮಾತ್ರ ತಿಳಿಯುತ್ತದೆ. 7 ಇಂಚು ಅಗಲ, 5 ಇಂಚು ಎತ್ತರದ ಮದುವೆ ಕಾಗದ ತೆಗೆದುಕೊಳ್ಳಿ. ಅಚ್ಚಿಗೆ ಇಂಚಿಗೆ 300 ಚುಕ್ಕಿ ಬೇಕು. ಅಂದರೆ 2,100ಕ್ಕೆ 1,500, ಒಟ್ಟು ಸುಮಾರು 31 ಲಕ್ಷ ಚುಕ್ಕಿ. ನಾಲ್ಕು ಶಾಯಿಗಳ ಸಿಎಂವೈಕೆಯಲ್ಲಿ ಒಂದು ಲೇಯರ್‌ಗೆ 12–13 ಎಂಬಿ. ಇದನ್ನು ಯಾವ ಲ್ಯಾಪ್‌ಟಾಪ್ ಕೂಡ ಎತ್ತುತ್ತದೆ.

ಈಗ 10 ಅಡಿಗೆ 4 ಅಡಿಯ ಬ್ಯಾನರ್. 2019ರಲ್ಲಿ ಕೇರಳದಲ್ಲಿ ಪಿವಿಸಿ ಫ್ಲೆಕ್ಸ್ ನಿಷೇಧವಾದ ಮೇಲೂ ನಮ್ಮ ಬಾಯಲ್ಲಿ ಅದರ ಹೆಸರು ಫ್ಲೆಕ್ಸೇ. ಇದನ್ನು ಇಂಚಿಗೆ 72 ಚುಕ್ಕಿಯಲ್ಲಿ ಮಾಡಿದರೆ 8,640ಕ್ಕೆ 3,456, ಲೇಯರ್ ಒಂದಕ್ಕೆ ಸುಮಾರು 120 ಎಂಬಿ. ಪರವಾಗಿಲ್ಲ. ಆದರೆ ಹೊಸಬರು ಕಾಗದದ ಅಭ್ಯಾಸಬಲದಲ್ಲಿ ಇಲ್ಲೂ 300 ಎಂದೇ ಹಾಕುತ್ತಾರೆ. ಆಗ 36,000ಕ್ಕೆ 14,400, ಲೇಯರ್ ಒಂದಕ್ಕೆ 2 ಜಿಬಿ. ಲ್ಯಾಪ್‌ಟಾಪ್ ಮೂರ್ಛೆ ಹೋಗುತ್ತದೆ. ಹೋಗದಿದ್ದರೂ ಫೋಟೊಶಾಪಿನ ಸಾಮಾನ್ಯ ಫೈಲಾದ ಪಿಎಸ್‌ಡಿಯಾಗಿ ಸೇವ್ ಆಗುವುದಿಲ್ಲ, ಏಕೆಂದರೆ ಪಿಎಸ್‌ಡಿಯ ಮಿತಿ ಒಂದು ಬದಿಗೆ 30,000 ಪಿಕ್ಸೆಲ್. “ಅಣ್ಣಾ, ಲ್ಯಾಪ್‌ಟಾಪ್ ಸ್ಲೋ, ಬೇರೆ ತೆಗೊಳ್ಳಬೇಕು” ಎಂದು ಬಂದ ಒಬ್ಬ ಹುಡುಗನಿಗೆ ಬೇಕಾದದ್ದು ಹೊಸ ಲ್ಯಾಪ್‌ಟಾಪ್ ಆಗಿರಲಿಲ್ಲ, 300ನ್ನು 72 ಮಾಡುವುದಷ್ಟೆ. ರಸ್ತೆಯ ಆಚೆ ಬದಿಯಿಂದ ನೋಡುವ ಬ್ಯಾನರಿಗೆ ಅಷ್ಟು ಧಾರಾಳವಾಗಿ ಸಾಕು.

ನಿಜವಾದ ಭಾರ ಇರುವುದು ಮದುವೆ ಆಲ್ಬಂನಲ್ಲಿ. 12ಕ್ಕೆ 36 ಇಂಚಿನ ಒಂದು ಹಾಳೆ, ಹತ್ತಿರದಿಂದ ನೋಡುವಂಥದ್ದು, ಆದ್ದರಿಂದ 300 ಬೇಕೇ ಬೇಕು. 10,800ಕ್ಕೆ 3,600. ಅದರ ಮೇಲೆ ಹತ್ತು ಫೋಟೊ, ಒಂದೊಂದಕ್ಕೂ ಮಾಸ್ಕ್, ನೆರಳು, ಬಣ್ಣದ ತಿದ್ದುಪಡಿ. ಒಂದು ಹಾಳೆಯೇ ಜಿಬಿ ದಾಟುತ್ತದೆ, ಅಂಥದ್ದು 40 ಹಾಳೆ. ಆಲ್ಬಂ ಮಾಡುವವರು ಮುಂದಿನ ಭಾಗಗಳಲ್ಲಿ ನಾನು ‘ಸಾಕು’ ಎಂದಲ್ಲೆಲ್ಲ ಒಂದು ಮೆಟ್ಟಿಲು ಮೇಲೆ ಹೋಗಬೇಕು. ಬ್ರೌಸರಿನಲ್ಲಿ ಕ್ಯಾನ್ವಾ ತೆರೆದು ಪೋಸ್ಟರ್ ಮಾಡುವವರು ಒಂದು ಮೆಟ್ಟಿಲು ಕೆಳಗೆ ನಿಂತರೂ ನಷ್ಟವಿಲ್ಲ.

ಎರಡನೆಯ ಹೆಜ್ಜೆ: ಸ್ಕ್ರೀನ್

ಲ್ಯಾಪ್‌ಟಾಪಿನ ಜಾಹೀರಾತಿನಲ್ಲಿ ಪ್ರೊಸೆಸರ್‌ನ ಹೆಸರು ದಪ್ಪಕ್ಷರದಲ್ಲಿ ಇರುತ್ತದೆ, ಸ್ಕ್ರೀನ್ ಬಗ್ಗೆ ‘15.6 ಇಂಚು ಫುಲ್ ಎಚ್‌ಡಿ’ ಎಂದಷ್ಟೇ. ಅದು ಉದ್ದಗಲದ ಮಾತು, ಬಣ್ಣದ ಮಾತಲ್ಲ. ಕಂಪನಿಯ ಜಾಲತಾಣದಲ್ಲಿ ಆ ಮಾದರಿಯ ಪೂರ್ತಿ ವಿವರದ ಪಟ್ಟಿ ತೆಗೆದು ಡಿಸ್‌ಪ್ಲೇ ಸಾಲನ್ನು ಕೊನೆಯವರೆಗೆ ಓದಿ. ಹುಡುಕಬೇಕಾದ ಪದ ‘100% ಎಸ್‌ಆರ್‌ಜಿಬಿ’. ಫೋನು, ಟಿವಿ, ಇಂಟರ್ನೆಟ್ಟು ಎಲ್ಲವೂ ಒಪ್ಪಿಕೊಂಡಿರುವ ಬಣ್ಣಗಳ ಹರವು ಅದು.

ಅಲ್ಲಿ ‘45% ಎನ್‌ಟಿಎಸ್‌ಸಿ’ ಎಂದಿದ್ದರೆ ಆ ಮಾದರಿಯನ್ನು ಅಲ್ಲಿಗೇ ಬಿಡಿ. ಎನ್‌ಟಿಎಸ್‌ಸಿ ಎಂಬುದು 1953ರ ಅಮೆರಿಕದ ಬಣ್ಣದ ಟಿವಿಯ ಅಳತೆ. ಅದರ 72% ಎಂದರೆ ಹೆಚ್ಚುಕಡಿಮೆ ಪೂರ್ತಿ ಎಸ್‌ಆರ್‌ಜಿಬಿ. 45% ಎಂದರೆ ಎಸ್‌ಆರ್‌ಜಿಬಿಯ ಮೂರನೇ ಎರಡು ಭಾಗದ ಆಸುಪಾಸು. ಕುಂಕುಮದ ಕೆಂಪು ಇಟ್ಟಿಗೆಯ ಕೆಂಪಾಗಿ ಕಾಣುವುದು, ಬಾಳೆಯ ಸುಳಿಯ ಹಸಿರು ಒಣಗಿದಂತೆ ಕಾಣುವುದು ಇದರಲ್ಲೇ. ನನ್ನ ಗೇಮಿಂಗ್ ಯಂತ್ರದಲ್ಲಿ ಇದ್ದದ್ದೂ ಇದೇ. ಗ್ರಾಫಿಕ್ಸ್ ಕಾರ್ಡಿಗೆ ಹಣ ಸುರಿದ ಮಾದರಿಗಳಲ್ಲಿ ಸ್ಕ್ರೀನಿನಲ್ಲಿ ಉಳಿಸುವುದು ಕಂಪನಿಗಳ ಹಳೆಯ ಲೆಕ್ಕಾಚಾರ. ಕಡಿಮೆ ಬೆಲೆಯ ಗೇಮಿಂಗ್ ಲ್ಯಾಪ್‌ಟಾಪುಗಳಲ್ಲಂತೂ ಇದನ್ನು ಮೊದಲು ನೋಡಬೇಕು.

ಪಟ್ಟಿಯಲ್ಲಿ ಬಣ್ಣದ ಹರವಿನ ಸುದ್ದಿಯೇ ಇಲ್ಲದಿದ್ದರೆ? ಒಳ್ಳೆಯದಿದ್ದರೆ ಹೇಳಿಕೊಳ್ಳದೆ ಇರುತ್ತಿರಲಿಲ್ಲ ಎಂದು ತಿಳಿದುಕೊಳ್ಳಿ. ಅಂಗಡಿಯಲ್ಲಿ ಇಟ್ಟಿರುವ ಯಂತ್ರದಲ್ಲಿ ಡಿವೈಸ್ ಮ್ಯಾನೇಜರ್ ತೆರೆದು, ಮಾನಿಟರ್ಸ್ ಅಡಿಯಲ್ಲಿ ಹಾರ್ಡ್‌ವೇರ್ ಐಡಿ ನೋಡಿದರೆ ಪರದೆಯ ಸಂಕೇತ ಸಿಗುತ್ತದೆ. ಅದನ್ನು ಫೋನಿನಲ್ಲಿ ಹುಡುಕಿದರೆ ಜಾತಕ ಹೊರಬೀಳುತ್ತದೆ. ಒಂದೇ ಮಾದರಿ ಹೆಸರಿನಲ್ಲಿ ಎರಡು ಮೂರು ಬಗೆಯ ಪರದೆ ಹಾಕಿ ಮಾರುವುದೂ ಉಂಟು. ಆದ್ದರಿಂದ ಬರೀ ಹೆಸರು ನಂಬಬೇಡಿ, ಮಾದರಿಯ ಬಾಲದಲ್ಲಿರುವ ಅಕ್ಷರ ಅಂಕಿಗಳನ್ನೂ ತಾಳೆ ನೋಡಿ.

ಬೆಳಕಿನ ಅಳತೆ ನಿಟ್ಸ್. 250 ನಿಟ್ಸ್ ಇರುವುದು ಕೋಣೆಯೊಳಗೆ ಸಾಕು. ಆದರೆ ನಮ್ಮಲ್ಲಿ ಬಹುಪಾಲು ಜನ ಕೂರುವುದು ರಸ್ತೆಗೆ ಬಾಯಿ ತೆರೆದ ಶಟರ್ ಅಂಗಡಿಯಲ್ಲಿ, ಇಲ್ಲವೇ ಮನೆಯ ಜಗಲಿಯಲ್ಲಿ. ಮಾರ್ಚ್ ತಿಂಗಳ ಮಧ್ಯಾಹ್ನ ಅಲ್ಲಿ 250 ಕಾಣುವುದಿಲ್ಲ. 300ಕ್ಕಿಂತ ಕಡಿಮೆ ಬೇಡ, 400 ಸಿಕ್ಕಿದರೆ ಸುಖ. ಕನ್ನಡಿಯಂತೆ ಹೊಳೆಯುವ ಪರದೆಗಿಂತ ಮ್ಯಾಟ್ ಪರದೆ ನನಗೆ ಇಷ್ಟ. ನಮ್ಮ ಮುಖ ನಮಗೇ ಕಾಣುತ್ತಿದ್ದರೆ ಬಣ್ಣ ನೋಡುವುದು ಹೇಗೆ?

ಈಗ ಒಎಲ್‌ಇಡಿ ಪರದೆಗಳು ಮಧ್ಯಮ ಬೆಲೆಗೂ ಇಳಿದಿವೆ. ನೋಡಿದೊಡನೆ ಮನಸ್ಸು ಸೋಲುತ್ತದೆ, ಕಪ್ಪೆಂದರೆ ಅಪ್ಪಟ ಕಪ್ಪು. ಕೊಳ್ಳಬೇಡಿ ಎನ್ನುವುದಿಲ್ಲ, ಎರಡು ಎಚ್ಚರ ಮಾತ್ರ. ಅದರ ಬಣ್ಣ ಎಸ್‌ಆರ್‌ಜಿಬಿಗಿಂತ ಆಚೆಗೂ ಚಾಚುವುದರಿಂದ ಸೆಟ್ಟಿಂಗ್ಸಿನಲ್ಲಿ ಎಸ್‌ಆರ್‌ಜಿಬಿ ಮೋಡ್ ಹಾಕದಿದ್ದರೆ ಎಲ್ಲವೂ ಜಾತ್ರೆಯ ಮಿಠಾಯಿ ಅಂಗಡಿಯಂತೆ ಕಾಣುತ್ತದೆ. ಮತ್ತೊಂದು, ಫೋಟೊಶಾಪಿನ ಟೂಲ್‌ಬಾರ್ ದಿನಕ್ಕೆ ಎಂಟು ಗಂಟೆ ಒಂದೇ ಜಾಗದಲ್ಲಿ ನಿಂತರೆ ವರ್ಷಗಳ ಮೇಲೆ ಅದರ ಗುರುತು ಪರದೆಯಲ್ಲಿ ಉಳಿಯಬಹುದು. ಕೆಲವರಿಗೆ ಬೆಳಕು ತಗ್ಗಿಸಿದಾಗ ಕಣ್ಣೂ ಉರಿಯುತ್ತದೆ. ನಾನು ಐಪಿಎಸ್ ಎಂಬ ಹಳೆಯ ಬಗೆಯ ಒಳ್ಳೆಯ ಪರದೆಯಲ್ಲೇ ಉಳಿದಿದ್ದೇನೆ.

ಅಂಗಡಿಯಲ್ಲಿ ನೋಡುವ ಬಗೆ ಹೀಗೆ. ಒಂದು ಪೆನ್‌ಡ್ರೈವಿನಲ್ಲಿ ಮೂರು ಫೈಲು ಒಯ್ಯಿರಿ: ನೀವೇ ಮಾಡಿ ಅಚ್ಚು ಹಾಕಿಸಿದ ಒಂದು ಕಾಗದದ ಪಿಡಿಎಫ್, ಯಕ್ಷಗಾನದ ವೇಷದ ಒಂದು ಒಳ್ಳೆಯ ಫೋಟೊ, ಬಿಳಿಯಿಂದ ಕಪ್ಪಿನವರೆಗೆ ಬೂದು ಬಣ್ಣದ ಪಟ್ಟಿಗಳಿರುವ ಒಂದು ಚಿತ್ರ. ಜೊತೆಗೆ ಆ ಅಚ್ಚಾದ ಕಾಗದದ ಪ್ರತಿಯೂ ಕೈಯಲ್ಲಿರಲಿ. ಯಕ್ಷಗಾನದ ಫೋಟೊ ಯಾಕೆಂದರೆ ಅದರಲ್ಲಿ ಕೆಂಪು, ಹಸಿರು, ಹಳದಿ, ಕಿರೀಟದ ಹೊಳಪು, ಕಪ್ಪು ಗಡ್ಡ, ಬಣ್ಣ ಬಳಿದ ಮುಖ, ಬಳಿಯದ ಕೈ ಎಲ್ಲವೂ ಒಟ್ಟಿಗೆ ಇರುತ್ತವೆ. ಗಡ್ಡದ ಎಳೆಗಳು ಬೇರೆ ಬೇರೆ ಕಾಣುತ್ತವೆಯೇ, ಮಸಿ ಮೆತ್ತಿದಂತೆ ಒಂದೇ ಮುದ್ದೆಯೇ? ಬೂದು ಪಟ್ಟಿಯಲ್ಲಿ ಕೊನೆಯ ಎರಡು ಕಪ್ಪುಗಳ ನಡುವೆ ಗೆರೆ ಕಾಣುತ್ತದೆಯೇ? ಬದಿಯಿಂದ ನಿಂತು ನೋಡಿದಾಗ ಬಣ್ಣ ಬದಲಾಗುತ್ತದೆಯೇ? ಕೊನೆಗೆ ಅಚ್ಚಾದ ಕಾಗದವನ್ನು ಬಾಗಿಲಿನ ಬೆಳಕಿಗೆ ಹಿಡಿದು, ಪರದೆಯ ಪಕ್ಕ ಇಟ್ಟು ನೋಡಿ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ. ನೋಡಲಿ, ಹಣ ಕೊಡುವುದು ನಾವು.

ಒಂದು ಮಾತು ನೆನಪಿರಲಿ: ಪರದೆಯ ಬಣ್ಣ ಬೆಳಕಿನದ್ದು, ಅಚ್ಚಿನ ಬಣ್ಣ ಶಾಯಿಯದ್ದು. ಹೊಳೆಯುವ ಗಿಳಿಹಸಿರು, ಉರಿಯುವ ಕೇಸರಿ ಸಿಎಂವೈಕೆಯಲ್ಲಿ ಹುಟ್ಟುವುದೇ ಇಲ್ಲ. ಎಷ್ಟು ದುಬಾರಿ ಸ್ಕ್ರೀನ್ ತಂದರೂ ಅದು ಅಚ್ಚಿನಲ್ಲಿ ಬರದು. ಒಳ್ಳೆಯ ಸ್ಕ್ರೀನಿನ ಲಾಭವೆಂದರೆ ಫೋಟೊಶಾಪಿನಲ್ಲಿ ಪ್ರೂಫ್ ಕಲರ್ಸ್ ಒತ್ತಿದಾಗ ಏನು ಹೋಗುತ್ತದೆ ಎಂಬುದು ಪ್ರೆಸ್ಸಿಗೆ ಹೋಗುವ ಮುಂಚೆಯೇ ಕಣ್ಣಿಗೆ ಬೀಳುವುದು.

ಗಾತ್ರ ನಿಮ್ಮ ಬೆನ್ನಿಗೆ ಬಿಟ್ಟದ್ದು. ಒಂದೇ ಕಡೆ ಕೂರುವವರಿಗೆ 15.6 ಅಥವಾ 16 ಇಂಚು. ದಿನಾ ಬಸ್ಸಿನಲ್ಲಿ ಪೆರ್ಲದಿಂದ ಕಾಸರಗೋಡಿಗೆ ಹೊತ್ತುಕೊಂಡು ಹೋಗುವವರಿಗೆ 14. 16:10 ಅನುಪಾತದ ಪರದೆ ಸಿಕ್ಕಿದರೆ ಬಿಡಬೇಡಿ, ಮೇಲೆ ಕೆಳಗೆ ಸಿಗುವ ಆ ಚೂರು ಜಾಗ ಕೋರೆಲ್‌ಡ್ರಾದ ಬಣ್ಣದ ಪಟ್ಟಿಗೆ ಸರಿಹೋಗುತ್ತದೆ.

ಮೂರನೆಯ ಹೆಜ್ಜೆ: ರ‍್ಯಾಮ್, ಆಮೇಲೆ ಉಳಿದದ್ದು

ರ‍್ಯಾಮ್ ಎಂದರೆ ತೆರೆದ ಕೆಲಸವನ್ನು ಹರಡಿಕೊಳ್ಳುವ ಮೇಜು ಇದ್ದ ಹಾಗೆ. 8 ಜಿಬಿ ಬೇಡ. ವಿಂಡೋಸ್, ಕ್ರೋಮ್‌ನಲ್ಲಿ ವಾಟ್ಸಾಪ್ ವೆಬ್, ಒಂದು ಫೋಟೊಶಾಪ್ ತೆರೆಯುವಷ್ಟರಲ್ಲಿ ಅದು ಮುಗಿದಿರುತ್ತದೆ. 16 ಜಿಬಿ ಇರಲೇಬೇಕು, ಆಲ್ಬಂನವರಿಗೆ 32. ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ “ಎಷ್ಟು ಉಂಟು” ಎನ್ನುವುದಕ್ಕಿಂತ “ಮುಂದೆ ಹಾಕಲು ಆಗುತ್ತದಾ” ಎಂಬುದು. ತೆಳುವಾದ ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಎಲ್‌ಪಿಡಿಡಿಆರ್ ಎಂದು ಬರೆದಿದ್ದರೆ ಸಾಮಾನ್ಯವಾಗಿ ಹಾಗೆಯೇ. ಆಗ ಕೊಂಡ ದಿನ ಎಷ್ಟೋ ಕೊನೆಯವರೆಗೂ ಅಷ್ಟೇ. ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ಒತ್ತಿದರೆ ಎಷ್ಟು ಸ್ಲಾಟಿನಲ್ಲಿ ಎಷ್ಟು ತುಂಬಿದೆ ಎಂದು ಕಾಣುತ್ತದೆ. ಎರಡು ಸ್ಲಾಟಿದ್ದರೆ ಒಂದರಲ್ಲೇ 16 ಇರುವುದಕ್ಕಿಂತ ಎರಡರಲ್ಲಿ 8–8 ಇರುವುದು ವೇಗ, ಅದರಲ್ಲೂ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ.

ಪ್ರೊಸೆಸರ್ ವಿಷಯಕ್ಕೆ ಜನ ಹೆಚ್ಚು ತಲೆ ಕೆಡಿಸಿಕೊಳ್ಳುತ್ತಾರೆ. ನಮ್ಮ ಕೆಲಸಕ್ಕೆ ಇಂಟೆಲಿನ ಒಳ್ಳೆಯ ಐ5 ಅಥವಾ ಎಎಂಡಿಯ ರೈಜನ್ 5 ಸಾಕು. ಆದರೆ ‘ಒಳ್ಳೆಯ’ ಎನ್ನುವಲ್ಲೇ ಮೋಸ. ಐ5 ಎಂದರೆಲ್ಲ ಒಂದೇ ಅಲ್ಲ. 1335ಯು ಎಂಬುದರಲ್ಲಿ ಜೋರಾಗಿ ದುಡಿಯುವ ಕೋರ್ 2, 13420ಎಚ್ ಎಂಬುದರಲ್ಲಿ 4. ಬಾಲದಲ್ಲಿ ಯು ಇದ್ದರೆ ಬ್ಯಾಟರಿ ಉಳಿಸುವ ಜಾತಿ, ಎಚ್ ಇದ್ದರೆ ಕೆಲಸದ ಜಾತಿ. ಎಎಂಡಿಯ 7000 ಸಾಲಿನಲ್ಲಿ ಮೂರನೆಯ ಅಂಕಿ ನೋಡಬೇಕು, ಒಳಗಿನ ವಿನ್ಯಾಸ ಎಷ್ಟು ಹಳೆಯದೆಂದು ಹೇಳುವುದು ಅದೇ. ರೈಜನ್ 5 7520ಯು ಎಂದರೆ ಕೇಳಲು ಹೊಸದು, ಒಳಗಿರುವುದು 2019ರಲ್ಲಿ ಬಂದ ಝೆನ್ 2 ವಿನ್ಯಾಸದ ನಾಲ್ಕು ಕೋರ್. ಹಳೆಯ ಬಾವಿಗೆ ಹೊಸ ಕಟ್ಟೆ ಕಟ್ಟಿದ ಹಾಗೆ. ಅದೇ ಸಾಲಿನ 7535ಎಚ್‌ಎಸ್, 7640ಎಚ್‌ಎಸ್ ಬೇರೆಯೇ ದರ್ಜೆಯವು.

ಗ್ರಾಫಿಕ್ಸ್ ಕಾರ್ಡ್? ಕಾಗದ, ಹ್ಯಾಂಡ್‌ಬಿಲ್, ಲೋಗೊ, ಬ್ಯಾನರ್ ಮಾಡುವವರಿಗೆ ಪ್ರೊಸೆಸರಿನೊಳಗೇ ಇರುವುದು ಸಾಕು. ವಿಡಿಯೊ ಎಡಿಟಿಂಗ್, ತ್ರೀಡಿ, ಫೋಟೊದ ಕಾಳು ಕಾಳನ್ನು ಎಐಯಿಂದ ತೆಗೆಯುವ ಡಿನಾಯ್ಸ್ ದಿನನಿತ್ಯ ಮಾಡುವವರಿಗೆ ಮಾತ್ರ ಆರ್‌ಟಿಎಕ್ಸ್ ಸಾಲಿನ ಒಂದು ಕಾರ್ಡ್, 6 ಜಿಬಿಯದ್ದಾದರೆ ಒಳ್ಳೆಯದು. ಕಾರ್ಡ್ ಬಂದರೆ ಜೊತೆಗೆ ತೂಕ, ಬಿಸಿ, ಇಟ್ಟಿಗೆಯಂಥ ಚಾರ್ಜರ್ ಬರುತ್ತವೆ. ಆ ಹಣ ಸ್ಕ್ರೀನಿಗೆ ಹೋಗಲಿ.

ಎಸ್‌ಎಸ್‌ಡಿ 512 ಜಿಬಿ. ಹಾರ್ಡ್‌ಡಿಸ್ಕನ್ನು ಹಳೆಯ ಫೈಲುಗಳಿಗೆ ಹೊರಗಿಟ್ಟುಕೊಳ್ಳಿ, ಒಂದಲ್ಲ ಎರಡು. ಕಳೆದ ವರ್ಷದ ಕಾಗದದಲ್ಲಿ ತಾರೀಕು ಮಾತ್ರ ಬದಲಿಸಿ ಕೊಡಿ ಎಂದು ಬರುವವರೇ ಅರ್ಧ.

ನಾಲ್ಕನೆಯ ಹೆಜ್ಜೆ: ಗಡಿನಾಡಿನ ಲಿಪಿ ತಾಪತ್ರಯ

ಬೇರೆ ಊರಿನವರು ಬರೆದ ಲ್ಯಾಪ್‌ಟಾಪ್ ಸಲಹೆಗಳಲ್ಲಿ ಇದು ಇರುವುದಿಲ್ಲ, ಆದರೆ ನಮಗೆ ಇದೇ ದೊಡ್ಡದು. ನಮ್ಮ ಒಂದು ಹ್ಯಾಂಡ್‌ಬಿಲ್ಲಿನಲ್ಲಿ ದೇವರ ಹೆಸರು ಕನ್ನಡದಲ್ಲಿ, ಪಂಚಾಯತ್ ಸದಸ್ಯರ ಹೆಸರು ಮಲಯಾಳದಲ್ಲಿ, ನಾಟಕದ ಹೆಸರು ತುಳುವಿನಲ್ಲಿ, ಸೌಂಡ್ ಸರ್ವಿಸಿನವರದ್ದು ಇಂಗ್ಲಿಷಿನಲ್ಲಿ. ಇವೆಲ್ಲ ಒಂದೇ ಹಾಳೆಯಲ್ಲಿ ಒಡೆಯದೆ ನಿಲ್ಲಬೇಕು.

ನೀವು ಯಾವ ತಂತ್ರಾಂಶದಲ್ಲಿ, ಯಾವ ಫಾಂಟಿನಲ್ಲಿ ಕೆಲಸ ಮಾಡುತ್ತೀರಿ ಎಂಬುದು ಯಾವ ಲ್ಯಾಪ್‌ಟಾಪ್ ಎಂಬುದನ್ನೂ ತೀರ್ಮಾನಿಸುತ್ತದೆ. ಹಳೆಯ ಪ್ರೆಸ್ಸುಗಳಲ್ಲಿ ಇನ್ನೂ ಪುಟ ಕಟ್ಟುವ ಹಳೆಯ ತಂತ್ರಾಂಶ ಪೇಜ್‌ಮೇಕರ್ ನಡೆಯುತ್ತಿದೆ. ಅದರ ಕೊನೆಯ 7.0 ಆವೃತ್ತಿ ಬಂದದ್ದು 2001ರಲ್ಲಿ, ಅದಕ್ಕೆ ಯೂನಿಕೋಡ್, ಅಂದರೆ ಈಗಿನ ಫೋನು ಕಂಪ್ಯೂಟರುಗಳೆಲ್ಲ ಬಳಸುವ ಅಕ್ಷರ ಸಂಕೇತ, ಏನೆಂದೇ ಗೊತ್ತಿಲ್ಲ. ನುಡಿ, ಬರಹದ ಹಳೆಯ ಫಾಂಟುಗಳು, ಮಲಯಾಳದ ಎಂಎಲ್ ಫಾಂಟುಗಳು ಅದರಲ್ಲಿ ಸೊಗಸಾಗಿ ಕೂರುತ್ತವೆ. ಆದರೆ ಗಿರಾಕಿ ವಾಟ್ಸಾಪಿನಲ್ಲಿ ಕಳಿಸಿದ ಸಾಲು ಯೂನಿಕೋಡ್, ಅದನ್ನು ಅಂಟಿಸಿದರೆ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಮೆರವಣಿಗೆ. ಕನ್ವರ್ಟರ್‌ನಲ್ಲಿ ಹಾಕಿ ತೆಗೆದು, ಮತ್ತೆ ಅರ್ಕಾವೊತ್ತು ಎಲ್ಲಿ ತಪ್ಪಿತೆಂದು ಹುಡುಕಬೇಕು.

ನಿಮ್ಮ ಜೀವನ ಈ ಹಳೆಯ ಸಾಮಾನುಗಳ ಮೇಲೆಯೇ ನಿಂತಿದ್ದರೆ ಇಂಟೆಲ್ ಅಥವಾ ಎಎಂಡಿಯ ವಿಂಡೋಸ್ ಯಂತ್ರವನ್ನೇ ಕೊಳ್ಳಿ. ಸ್ನ್ಯಾಪ್‌ಡ್ರ್ಯಾಗನ್ ಚಿಪ್ ಇರುವ ವಿಂಡೋಸ್ ಲ್ಯಾಪ್‌ಟಾಪುಗಳು ಬ್ಯಾಟರಿಯಲ್ಲಿ ಜಾಣ, ಫೋಟೊಶಾಪ್ ಕೂಡ ಚೆನ್ನಾಗಿ ಓಡುತ್ತದೆ. ಆದರೆ ಅವಕ್ಕೆ ಡ್ರೈವರುಗಳು ಬೇರೆಯೇ ಬರೆದಿರಬೇಕು. ಡಾಂಗಲ್ ಎಂಬ ಯುಎಸ್‌ಬಿ ಬೀಗದಕೈ ಚುಚ್ಚಿದರೆ ಮಾತ್ರ ತೆರೆಯುವ ಹಳೆಯ ಲಿಪಿ ತಂತ್ರಾಂಶ, ಹಳೆಯ ಪ್ರಿಂಟರ್, ಹಳೆಯ ಸ್ಕ್ಯಾನರ್ ಅದರ ಎದುರು ಮೌನವಾಗಿ ಕೂರುವ ಸಂಭವ ಹೆಚ್ಚು.

ಮ್ಯಾಕ್‌ಬುಕ್ ಬಗ್ಗೆ ಕೇಳುವವರಿಗೂ ಇದೇ ಮಾತು. ಮ್ಯಾಕ್‌ಬುಕ್ ಏರ್‌ನ ಪರದೆಗೆ ನಾನು ಕೈ ಮುಗಿಯುತ್ತೇನೆ. 2024ರ ಅಕ್ಟೋಬರಿನಿಂದ 16 ಜಿಬಿಯೇ ಅದರ ಕನಿಷ್ಠ ರ‍್ಯಾಮ್ ಕೂಡ ಆಗಿದೆ. ಕೋರೆಲ್‌ಡ್ರಾ 2019ರಲ್ಲಿ ಮ್ಯಾಕ್‌ಗೆ ಮರಳಿ ಬಂದಿದೆ, ಅಡೋಬಿಯದ್ದು ಹೇಗೂ ಉಂಟು. ಯೂನಿಕೋಡಿನಲ್ಲೇ ಕೆಲಸ ಮಾಡುವ ಹೊಸಬರಿಗೆ ತೊಂದರೆಯಿಲ್ಲ. ಆದರೆ ಪ್ರೆಸ್ಸಿನವರು ಪೇಜ್‌ಮೇಕರ್ ಫೈಲು ಕೊಟ್ಟು “ಒಂದು ತಿದ್ದು ಉಂಟು” ಎಂದರೆ ಅಲ್ಲಿ ಕೈಚೆಲ್ಲಬೇಕು.

ಹೊಸಬರು ಯೂನಿಕೋಡಿನಲ್ಲೇ ಶುರುಮಾಡಿ. ಫಾಂಟುಗಳಿಗೆ ಬರವಿಲ್ಲ, ಬಾಲೂ ತಮ್ಮ, ನೋಟೊ ಕನ್ನಡ, ಮಲಯಾಳಕ್ಕೆ ಮಂಜರಿ, ರಚನಾ ಎಲ್ಲವೂ ಉಚಿತ. ಟೈಪಿಂಗಿಗೆ ವಿಂಡೋಸ್ 10ರ 2019ರ ಮೇ ಅಪ್‌ಡೇಟಿನಿಂದ ಕನ್ನಡ ಫೊನೆಟಿಕ್ ಕೀಬೋರ್ಡ್ ಒಳಗೇ ಬಂದಿದೆ. ಫೋಟೊಶಾಪಿನಲ್ಲಿ ‘ಕ್ಷೇತ್ರ’ ಎಂದು ಅಂಟಿಸಿದರೆ ‘ಕ್‌ಷೇತ್‌ರ’ ಎಂದು ಒಡೆದು ಬಂತೇ? ಲ್ಯಾಪ್‌ಟಾಪಿನ ದೋಷವಲ್ಲ ಅದು. ಪ್ರಿಫರೆನ್ಸಸ್‌ನ ಟೈಪ್ ಭಾಗದಲ್ಲಿ ವರ್ಲ್ಡ್ ರೆಡಿ ಲೇಔಟ್ ಆರಿಸಿ. ಹಳೆಯ ಆವೃತ್ತಿಗಳಲ್ಲಿ ಅದರ ಹೆಸರು ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್. ಇನ್‌ಡಿಸೈನಿನಲ್ಲಿ ಪ್ಯಾರಾಗ್ರಾಫ್ ಮೆನುವಿನಲ್ಲಿ ವರ್ಲ್ಡ್ ರೆಡಿ ಕಂಪೋಸರ್. ಹಣ ಕಟ್ಟಲಾಗದವರಿಗೆ ಇಂಕ್‌ಸ್ಕೇಪ್ ಉಂಟು, ಅದರಲ್ಲಿ ಕನ್ನಡದ ಒತ್ತಕ್ಷರ ಮೊದಲಿಂದಲೇ ಸರಿಯಾಗಿ ಕೂರುತ್ತದೆ.

ತುಳು ಲಿಪಿಯಲ್ಲೇ ಶೀರ್ಷಿಕೆ ಬೇಕೆನ್ನುವವರು ಹೆಚ್ಚುತ್ತಿದ್ದಾರೆ. 2024ರ ಸೆಪ್ಟೆಂಬರಿನಲ್ಲಿ ಬಂದ ಯೂನಿಕೋಡ್ 16ರಲ್ಲಿ ತುಳು-ತಿಗಳಾರಿಗೆ ಜಾಗ ಸಿಕ್ಕಿದೆ. ಸದ್ಯಕ್ಕೆ ನಾನು ಅದನ್ನು ಚಿತ್ರವಾಗಿ ಬರೆದೇ ಕೂರಿಸುತ್ತೇನೆ.

ಐದನೆಯ ಹೆಜ್ಜೆ: ಕರೆಂಟು, ಮಳೆ, ಸಿಡಿಲು

ಡೆಸ್ಕ್‌ಟಾಪ್ ಅಗ್ಗ, ಅದೇ ಹಣಕ್ಕೆ ದೊಡ್ಡ ಸ್ಕ್ರೀನ್ ಬರುತ್ತದೆ ಎನ್ನುವುದು ನಿಜ. ಆದರೂ ನಮ್ಮಲ್ಲಿ ಲ್ಯಾಪ್‌ಟಾಪ್ ಗೆಲ್ಲುವುದು ಕರೆಂಟಿನ ಕಾರಣಕ್ಕೆ. ತೆಂಗಿನ ಮಡಲು ತಂತಿಗೆ ಬಿದ್ದರೆ ಸಂಜೆಯವರೆಗೆ ಕಾಯಬೇಕು, ಪ್ರೆಸ್ಸು ಕಾಯುವುದಿಲ್ಲ.

ಬ್ಯಾಟರಿಯನ್ನು ಗಂಟೆಗಳಲ್ಲಿ ಅಳೆದು ಹೇಳುವುದನ್ನು ನಂಬಬೇಡಿ, ವ್ಯಾಟ್‌ಅವರ್ ಕೇಳಿ. ಫೋಟೊಶಾಪಿನಲ್ಲಿ ದುಡಿಯುವ ಲ್ಯಾಪ್‌ಟಾಪ್ ಸುಮಾರು 20 ವ್ಯಾಟ್ ತಿನ್ನುತ್ತದೆಂದಿಟ್ಟುಕೊಳ್ಳಿ. 42 ವ್ಯಾಟ್‌ಅವರ್ ಇದ್ದರೆ ಎರಡು ಗಂಟೆ, 70 ಇದ್ದರೆ ಮೂರೂವರೆ. ಜಾಹೀರಾತಿನ ‘10 ಗಂಟೆ’ ಎಂಬುದು ವಿಡಿಯೊ ನೋಡುತ್ತಾ ಕೂತವರ ಲೆಕ್ಕ. ಟೈಪ್-ಸಿಯಲ್ಲೂ ಚಾರ್ಜ್ ಆಗುವ ಮಾದರಿಯಾದರೆ ಚಾರ್ಜರ್ ಮರೆತ ದಿನ ಬೇರೆಯವರ ಚಾರ್ಜರ್ ಸಿಕ್ಕೀತು.

ಏಪ್ರಿಲ್–ಮೇಯ ಸಂಜೆ ಮತ್ತು ತುಲಾ ಮಾಸದ ಮಳೆಯಲ್ಲಿ ಗುಡುಗು ದೂರದಲ್ಲಿ ಕೇಳುವಾಗಲೇ ಚಾರ್ಜರ್ ಕಳಚಿ. ಜೊತೆಗೆ ಇಂಟರ್ನೆಟ್ಟಿನ ಲ್ಯಾನ್ ತಂತಿಯನ್ನೂ ಕಳಚಿ. ಫೈಬರ್ ಎಂದು ಧೈರ್ಯ ಬೇಡ, ಗಾಜಿನ ಎಳೆ ಸಿಡಿಲನ್ನು ಒಯ್ಯದಿದ್ದರೂ ಮೋಡೆಮಿನ ಅಡಾಪ್ಟರ್ ಹಿಡಿದು ಬರುತ್ತದೆ. ನನ್ನ ಒಂದು ಲ್ಯಾನ್ ಪೋರ್ಟ್ ಹಾಗೆಯೇ ಹೋದದ್ದು. ಆಟಿ ತಿಂಗಳಲ್ಲಿ ಕೆಲಸ ಇಲ್ಲವೆಂದು ಲ್ಯಾಪ್‌ಟಾಪನ್ನು ಚೀಲದಲ್ಲಿ ಮುಚ್ಚಿಡಬೇಡಿ, ಚರ್ಮದ ಚಪ್ಪಲಿಗೆ ಬೂಸಲು ಬರುವ ಊರಿದು. ದಿನಕ್ಕೆ ಅರ್ಧ ಗಂಟೆ ಚಾಲೂ ಮಾಡಿದರೆ ಅದರ ಬಿಸಿಯೇ ತೇವ ಓಡಿಸುತ್ತದೆ.

ಆರನೆಯ ಹೆಜ್ಜೆ: ಎಲ್ಲಿ ಕೊಳ್ಳುವುದು, ಬಿಲ್ಲು ಹೇಗಿರಬೇಕು

ಕಾಸರಗೋಡಿನಿಂದ ಮಂಗಳೂರು 50 ಕಿಲೋಮೀಟರ್. ಆಯ್ಕೆ ಅಲ್ಲಿ ಹೆಚ್ಚು, ನಾಲ್ಕು ಅಂಗಡಿ ಸುತ್ತಿ ಪರದೆಗಳನ್ನು ಅಕ್ಕಪಕ್ಕ ನೋಡಬಹುದು. ನೋಡಲಿಕ್ಕಾದರೂ ಹೋಗಿ ಬನ್ನಿ. ಆದರೆ ಜಿಎಸ್‌ಟಿ ನೋಂದಣಿ ಇದ್ದವರು ಬಿಲ್ಲು ಬರೆಯಿಸುವ ಮುಂಚೆ ಒಂದು ಗಳಿಗೆ ನಿಲ್ಲಿ. ಲ್ಯಾಪ್‌ಟಾಪಿಗೆ ತೆರಿಗೆ 18%. 70,000 ರೂಪಾಯಿಯ ಬಿಲ್ಲಿನೊಳಗೆ ಅದು 10,600ಕ್ಕೂ ಮೇಲೆ. ಕರ್ನಾಟಕದ ಅಂಗಡಿ ಅಲ್ಲಿಯ ಎಸ್‌ಜಿಎಸ್‌ಟಿ, ಅಂದರೆ ಆ ರಾಜ್ಯದ ಪಾಲಿನ ತೆರಿಗೆ, ಹಾಕಿ ಬಿಲ್ಲು ಕೊಟ್ಟರೆ ಕೇರಳದ ನೋಂದಣಿಯಲ್ಲಿ ಆ ಪಾಲು ಮರಳಿ ಸಿಗುವುದಿಲ್ಲ. ರಾಜ್ಯದಿಂದ ರಾಜ್ಯಕ್ಕೆ ಮಾರುವಾಗ ಹಾಕುವ ಐಜಿಎಸ್‌ಟಿಯ ಬಿಲ್ಲು ಸಿಗುತ್ತದೆಯೇ ಎಂದು ಅಂಗಡಿಯವರನ್ನೂ ನಿಮ್ಮ ಲೆಕ್ಕ ಬರೆಯುವವರನ್ನೂ ಮೊದಲೇ ಕೇಳಿಕೊಳ್ಳಿ. ನೋಂದಣಿ ಇಲ್ಲದವರಿಗೆ ಈ ತಲೆಬಿಸಿ ಇಲ್ಲ.

ವಾರಂಟಿಯಲ್ಲಿ ‘ಆನ್‌ಸೈಟ್’ ಎಂದು ಬರೆದಿದ್ದರೆ ನಿಮ್ಮ ಪಿನ್ ಕೋಡ್ ಹೇಳಿ ಖಚಿತ ಮಾಡಿಕೊಳ್ಳಿ. ನಮ್ಮದು 671ರಿಂದ ಶುರುವಾಗುವುದು. ಮಂಗಳೂರಿನಲ್ಲಿ ಕೊಂಡರೂ ಮನೆಗೆ ಬರಬೇಕಾದವನು ಕೇರಳದ ಕಡೆಯ ತಂತ್ರಜ್ಞ. ಹೀಗೊಮ್ಮೆ ನನ್ನ ಕೀಬೋರ್ಡ್ ಕೆಟ್ಟಾಗ ಎರಡು ಊರಿನ ಸರ್ವಿಸ್ ಸೆಂಟರುಗಳು “ಅದು ಅವರ ವ್ಯಾಪ್ತಿ” ಎಂದು ಪರಸ್ಪರ ತೋರಿಸಿ ಮೂರು ವಾರ ಕಳೆದವು. 1956ರಲ್ಲಿ ಗಡಿ ಎಳೆದದ್ದು ಕೀಬೋರ್ಡಿನವರೆಗೂ ಬಂದು ತಲುಪುತ್ತದೆಂದು ಯಾರಿಗೆ ಗೊತ್ತಿತ್ತು! ಬಿದ್ದು ಒಡೆದರೂ ಸರಿಮಾಡಿಕೊಡುವ ಅಪಘಾತ ರಕ್ಷಣೆ ಸಿಕ್ಕಿದರೆ ಬಸ್ಸಿನಲ್ಲಿ ಓಡಾಡುವವರು ತೆಗೆದುಕೊಳ್ಳಿ.

ಸೆಕೆಂಡ್ ಹ್ಯಾಂಡ್ ನೋಡುವವರು ವಿಂಡೋಸಿನ ಬ್ಯಾಟರಿ ರಿಪೋರ್ಟ್ ತೆಗೆಸಿ. ಹುಟ್ಟಿದಾಗಿನ ಸಾಮರ್ಥ್ಯ, ಈಗಿನ ಸಾಮರ್ಥ್ಯ ಎರಡೂ ಅದರಲ್ಲಿ ಇರುತ್ತವೆ. ಅರ್ಧಕ್ಕೆ ಇಳಿದಿದ್ದರೆ ಹೊಸ ಬ್ಯಾಟರಿಯ ಹಣ ಕಳೆದು ಚೌಕಾಸಿ ಮಾಡಿ. ಒಳ್ಳೆಯ ಪರದೆಯ ಮೂರು ವರ್ಷ ಹಳೆಯ ಆಫೀಸ್ ಲ್ಯಾಪ್‌ಟಾಪ್, ಸೋತ ಪರದೆಯ ಹೊಸದಕ್ಕಿಂತ ಎಷ್ಟೋ ವಾಸಿ.

ಮನೆಗೆ ತಂದ ದಿನ

ಪರದೆ ತುಂಬ ಅಚ್ಚ ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಒಂದೊಂದಾಗಿ ತೆರೆದು ಸತ್ತ ಚುಕ್ಕಿ ಇದೆಯೇ ನೋಡಿ. ಹಿಂದಿರುಗಿಸುವ ಅವಧಿ ಮುಗಿಯುವವರೆಗೆ ಡಬ್ಬ, ಥರ್ಮೋಕೋಲ್ ಎಸೆಯಬೇಡಿ.

ರಾತ್ರಿ ಪರದೆಯನ್ನು ಹಳದಿ ಮಾಡುವ ನೈಟ್ ಲೈಟನ್ನು ಆಫ್ ಮಾಡಿ. ಬೆಳಕನ್ನು ತಾನಾಗಿ ಏರಿಸಿ ಇಳಿಸುವ ಸೌಲಭ್ಯವನ್ನೂ, ಬ್ಯಾಟರಿಯಲ್ಲಿ ಪರದೆಯ ಬಣ್ಣ ತಗ್ಗಿಸುವ ಪವರ್ ಸೇವಿಂಗನ್ನೂ ಆಫ್ ಮಾಡಿ. ಇಷ್ಟು ಮಾಡದೆ ರಾತ್ರಿ ಹನ್ನೊಂದಕ್ಕೆ ಹಳದಿ ತಿದ್ದುತ್ತಾ ಕೂತವರು ಬೆಳಗ್ಗೆ ಎದ್ದು ನೋಡಿದರೆ ಪುಟವೆಲ್ಲ ನೀಲಿ. ಬಣ್ಣ ಹೊಂದಿಸುವ ಕ್ಯಾಲಿಬ್ರೇಟರ್ ಕೊಳ್ಳಲು ಆಗದಿದ್ದರೆ ಅದೇ ಹಳೆಯ ಉಪಾಯ: ನಿಮ್ಮ ಖಾಯಂ ಪ್ರೆಸ್ಸಿನಲ್ಲಿ ಅಚ್ಚಾದ ಒಂದು ಕಾಗದ, ಅದರ ಮೂಲ ಫೈಲು, ಬೆಳಗ್ಗೆ ಹತ್ತು ಗಂಟೆಯ ಕಿಟಕಿಯ ಬೆಳಕು. ಕಾಗದದ ಬಿಳಿಗೂ ಪರದೆಯ ಬಿಳಿಗೂ ಹೊಂದುವವರೆಗೆ ಬ್ರೈಟ್‌ನೆಸ್ ಇಳಿಸುತ್ತಾ ಬನ್ನಿ. ನನ್ನದು ಹೊಂದಿಕೊಂಡದ್ದು 60ರ ಆಸುಪಾಸಿನಲ್ಲಿ. ಆ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು ಕೀಬೋರ್ಡಿನ ಬದಿಗೆ ಅಂಟಿಸಿದ್ದೇನೆ. ಹೋಲಿಸಿ ನೋಡಲು ಇಟ್ಟುಕೊಂಡಿರುವ ಕಾಗದ ಮಾತ್ರ ಮೊಕ್ತೇಸರರು ಬಿಸಿಲಿಗೆ ಕೂತದ್ದಲ್ಲ, ಎರಡನೆಯ ಸಲ ಅಚ್ಚು ಹಾಕಿಸಿದ್ದು.